ಹೊಗೆ ವಾಸನೆ ಬಂದಾಗ ಕಾಕ್‌ಪಿಟ್‌ನಲ್ಲಿ ನಾವು ಮಾಡಿದ್ದು

ನಾನು ಏರ್‌ಬಸ್ ಎ320 ವಿಮಾನ ಹಾರಿಸುವ ಕ್ಯಾಪ್ಟನ್. ವಿಮಾನದಲ್ಲಿ ಹೊಗೆ ಬಂದರೆ ಮೊದಲು ಎಲ್ಲಿ ಸುಡ್ತಿದೆ ಅಂತ ಹುಡುಕ್ತೀರಾ ಅಂತ ತುಂಬಾ ಜನ ಕೇಳ್ತಾರೆ. ಇಲ್ಲ. ಮೊದಲು ಆಕ್ಸಿಜನ್ ಮಾಸ್ಕ್, ಆಮೇಲೆ ಹತ್ತಿರದ ರನ್‌ವೇ. ಹುಡುಕಾಟ ದಾರಿಯಲ್ಲಿ.

ಒಮ್ಮೆ ಬೆಂಗಳೂರಿಂದ ದೆಹಲಿಗೆ ಹೋಗುತ್ತಿದ್ದೆವು. ನಾಗಪುರ ಇನ್ನೂ ಸುಮಾರು 100 ನಾಟಿಕಲ್ ಮೈಲು (ಸುಮಾರು 185 ಕಿ.ಮೀ.) ಮುಂದಿತ್ತು. ಹಿಂದಿನ ಸೀಟುಗಳ ಹತ್ತಿರ ಸುಟ್ಟ ವಾಸನೆ, ಓವನ್ ನೋಡಿದೆ, ಅದಲ್ಲ ಅಂತ ಕ್ಯಾಬಿನ್ ಇನ್‌ಚಾರ್ಜ್ ಇಂಟರ್‌ಫೋನ್‌ನಲ್ಲಿ ಹೇಳಿದರು. ಅಷ್ಟರಲ್ಲಿ ನಮ್ಮ ಮೂಗಿಗೂ ಬಂತು.

ಮಾಸ್ಕ್ ಪಕ್ಕದ ಡಬ್ಬದಲ್ಲೇ ಇರುತ್ತದೆ. ಕೆಂಪು ಹಿಡಿ ಒತ್ತಿ ಎಳೆದರೆ ಅದರ ಪಟ್ಟಿ ಗಾಳಿ ತುಂಬಿ ಉಬ್ಬುತ್ತದೆ, ತಲೆಗೆ ಹಾಕಿ ಕೈ ಬಿಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗುಂಡಿ 100% ಆಕ್ಸಿಜನ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಕಾಕ್‌ಪಿಟ್ ಗಾಳಿಯೂ ಬೆರೆಯುತ್ತದೆ. ನಿಜವಾದ ಕಷ್ಟ ಮಾತಾಡುವುದು. ಉಸಿರಾಟದ ಸದ್ದೇ ಹೆಡ್‌ಸೆಟ್ ತುಂಬಿಕೊಳ್ಳುತ್ತದೆ, ಪಕ್ಕದಲ್ಲೇ ಕೂತವರ ಮಾತು ಅರ್ಧಂಬರ್ಧ ಕೇಳುತ್ತದೆ, ಹಾಗಾಗಿ ಎರಡೇ ಪದದಲ್ಲಿ ಮುಗಿಸಬೇಕು. ಇನ್ನೊಂದು, ಮಾಸ್ಕ್ ಹಾಕಿದ ಮೇಲೆ ನಮಗೆ ವಾಸನೆಯೇ ಗೊತ್ತಾಗಲ್ಲ. ಜಾಸ್ತಿಯಾಯಿತಾ, ಕಡಿಮೆಯಾಯಿತಾ ಅಂತ ಕ್ಯಾಬಿನ್ ಕ್ರೂನೇ ಹೇಳಬೇಕು.

ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ವಿಮಾನ ಹಾರಿಸಿದರು. ನಾನು ರೇಡಿಯೊದಲ್ಲಿ ಮೇಡೇ ಅಂತ ತುರ್ತು ಕರೆ ಕೊಟ್ಟೆ, ರೇಡಾರ್‌ಗೆ ನಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ಗೆ ತುರ್ತು ಕೋಡ್ 7700 ಹಾಕಿದೆ, ನಾಗಪುರಕ್ಕೆ ಇಳಿಯಲು ಶುರು ಮಾಡಿದೆವು. ಅದಾದ ಮೇಲೆ ಚೆಕ್‌ಲಿಸ್ಟ್: ಕ್ಯಾಬಿನ್ ಫ್ಯಾನ್ ಆಫ್, ಗ್ಯಾಲಿಯ (ವಿಮಾನದ ಅಡುಗೆಮನೆ) ಕರೆಂಟ್ ಆಫ್. ಸ್ವಲ್ಪ ಹೊತ್ತಿಗೆ ವಾಸನೆ ಕಡಿಮೆಯಾಗಿದೆ ಅಂತ ಹಿಂದಿನಿಂದ ಸುದ್ದಿ ಬಂತು. ಹಾಗಾದರೆ ದೆಹಲಿಗೇ ಹೋಗಬಹುದಿತ್ತಲ್ವಾ? ನಾನು ಹೋಗಲ್ಲ. 1998ರಲ್ಲಿ ಸ್ವಿಸ್‌ಏರ್ 111 ವಿಮಾನದ ಪೈಲಟ್‌ಗಳಿಗೆ ವಾಸನೆ ಬಂದಾಗಿನಿಂದ ವಿಮಾನ ಕೆನಡಾದ ಹತ್ತಿರ ಸಮುದ್ರಕ್ಕೆ ಬೀಳುವವರೆಗೆ ಸಿಕ್ಕಿದ್ದು ಸುಮಾರು 20 ನಿಮಿಷ. 229 ಜನ ಹೋದರು. ಬೆಂಕಿ ಇದ್ದದ್ದು ಕಣ್ಣಿಗೆ ಕಾಣದ ಸೀಲಿಂಗ್ ಮೇಲೆ. ಕೂಡಲೇ ಹತ್ತಿರದ ಹ್ಯಾಲಿಫ್ಯಾಕ್ಸ್ ವಿಮಾನ ನಿಲ್ದಾಣದ ಕಡೆ ಹೊರಟಿದ್ದರೂ ಸುರಕ್ಷಿತವಾಗಿ ಇಳಿಯಲು ಆಗುತ್ತಿರಲಿಲ್ಲ ಅಂತ ತನಿಖೆಯೇ ಹೇಳಿತು. ಅವರದೇನೂ ತಪ್ಪಿಲ್ಲ. ಆದರೆ ಸೀಲಿಂಗ್ ಹಿಂದೆ ಏನಾಗ್ತಿದೆ ಅಂತ ಕಾಕ್‌ಪಿಟ್‌ನಲ್ಲಿ ಕೂತವರಿಗೆ ಗೊತ್ತಾಗಲ್ಲ, ಅದು ನನಗೆ ಸಾಕು.

ಇಳಿದ ತಕ್ಷಣ ಕೆಲಸ ಮುಗಿಯಲ್ಲ. 1980ರಲ್ಲಿ ರಿಯಾದ್‌ನಲ್ಲಿ ಬೆಂಕಿ ಹತ್ತಿದ್ದ ಸೌದಿಯಾ 163 ವಿಮಾನ ಸರಿಯಾಗೇ ಇಳಿದಿತ್ತು, ಸಮಯಕ್ಕೆ ಬಾಗಿಲು ತೆರೆಯಲಿಲ್ಲ, ಒಳಗಿದ್ದ 301 ಜನರೂ ಸತ್ತರು. ಅದಕ್ಕೇ ನಾನು ರನ್‌ವೇ ಮೇಲೇ ನಿಲ್ಲಿಸಿ, ತುರ್ತಾಗಿ ಜನರನ್ನು ಇಳಿಸಬೇಕಾ ಅಂತ ಮೊದಲು ಕ್ಯಾಬಿನ್‌ನವರನ್ನು, ಅಗ್ನಿಶಾಮಕದವರನ್ನು ಕೇಳಿದೆ. ಹೊಗೆ ಎಲ್ಲೂ ಕಾಣಲಿಲ್ಲ, ಎಲ್ಲರೂ ಮೆಟ್ಟಿಲಿನಿಂದಲೇ ಇಳಿದರು. ಸುಟ್ಟಿದ್ದು ಒಂದು ಕ್ಯಾಬಿನ್ ಫ್ಯಾನ್‌ನ ಬೇರಿಂಗ್ ಅಂತ ಆಮೇಲೆ ಎಂಜಿನಿಯರ್‌ಗಳು ಹೇಳಿದರು.