ಹುರಿಹಿಟ್ಟಿಗೆ ಬೂಷ್ಟಿಲ್ಲದ ಕಡಲೆಬೀಜ: ನನ್ನ ಅನುಭವ

ಹುರಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ಅಫ್ಲಾಟಾಕ್ಸಿನ್ ಎಂಬ ವಿಷ ಸಾಯುವುದಿಲ್ಲ. ಎಳೆಮಕ್ಕಳಿಗೆ ಹುರಿಹಿಟ್ಟು ಮಾಡಿ ಮಾರುವ ಮಡಕಶಿರಾದ ನಮ್ಮ ಸಂಘದಲ್ಲಿ ಇದನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಚೆನ್ನಾಗಿ ಹುರಿದು ಕಳಿಸಿದ ಮಾದರಿಯೇ ಪ್ರಯೋಗಾಲಯದಲ್ಲಿ ಫೇಲಾದಾಗ, ಪರೀಕ್ಷೆಗೆ ಕೊಟ್ಟ ಸುಮಾರು ಮೂರು ಸಾವಿರ ರೂಪಾಯಿ ದಂಡವೆಂದು ಎಲ್ಲರೂ ಗೊಣಗಿದರು. ಆ ಹಿಟ್ಟನ್ನು ಮಾರಲು ನಾನು ಬಿಡಲಿಲ್ಲ. ಅದರ ನಷ್ಟ ಬೇರೆ.

ಮಂಡಿಯ ಬೀಜವನ್ನು ಮತ್ತೆ ಒಣಗಿಸಿದೆವು, ತೊಳೆದೆವು, ಸಿಪ್ಪೆ ತೆಗೆದೆವು. ಯಾವುದೂ ಫಲಿಸಲಿಲ್ಲ. ಯಂತ್ರದಲ್ಲಿ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸಿ ಸುಲಿದು, ಹಸಿಯಾಗಿಯೇ ಮೂಟೆ ಕಟ್ಟಿದ ಬೀಜ ಅದು. ಕೆಟ್ಟ ಬೀಜ ಮಿನುಗುತ್ತದೆಂದು ಅತಿನೇರಳೆ ಬೆಳಕಿನ ಟಾರ್ಚ್ ತರಿಸಿ ಕತ್ತಲೆ ಕೋಣೆಯಲ್ಲೂ ಕುಳಿತೆ. ಅದರಲ್ಲಿ ಮಿನುಗಿದ್ದಕ್ಕೂ ವರದಿಗೂ ತಾಳೆಯಾಗಲಿಲ್ಲ. ಈಗ ಅದರಿಂದ ಮೊಮ್ಮಗ ಚೇಳು ಹುಡುಕುತ್ತಾನೆ.

ಕೊನೆಗೆ ಮಂಡಿ ಬಿಟ್ಟು ಹೊಲಕ್ಕೇ ಹೋದೆವು. ಗಿಡ ಕಿತ್ತು ಕಾಯಿ ಮೇಲಾಗುವಂತೆ ಮಗುಚಿ ಒಣಗಿಸುವ ರೈತರಿಗೆ ಕೆಜಿಗೆ ನಾಲ್ಕೈದು ರೂಪಾಯಿ ಹೆಚ್ಚು ಕೊಟ್ಟೆವು. ಯಾವ ಊರಿನವರೆಂದು ಕೇಳಬೇಡಿ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಎನ್ನಬೇಕು, ಆಗಲೇ ತೂಕ. ಒಣಗಿದ ಕಾಯಿಯನ್ನೇ ಸುಲಿದೆವು; ಬೀಜ ಬೇಕಾದಷ್ಟು ಒಡೆಯಿತು. ಒಡಕು, ಸುಕ್ಕು, ಬಣ್ಣಗೆಟ್ಟದ್ದೆಲ್ಲ ಆರಿಸಿ ತೆಗೆದಾಗ ಎಂಟರಲ್ಲೊಂದು ಪಾಲು ಹೋಯಿತು. ಗಾಣದವರು ಅದನ್ನೂ ಕೇಳಿದರು. ಹಿಂಡಿಯಾಗಿ ಹಸುವಿಗೆ ಹೋದರೆ ವಿಷ ಹಾಲಿನಲ್ಲಿ ಬರುತ್ತದೆ, ಸುಟ್ಟುಹಾಕಿದೆ. ಹುಚ್ಚಿ ಎಂದರು.

ಸಂಸ್ಕರಣೆಗೆ ಹೋಗುವ ಕಡಲೆಬೀಜಕ್ಕೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಈ ವಿಷದ ಮಿತಿ ಕೆಜಿಗೆ 15 ಮೈಕ್ರೋಗ್ರಾಂ. ಎಳೆಮಕ್ಕಳಿಗೆ ಅದೂ ಹೆಚ್ಚೆಂದೇ ನನ್ನ ಹಟ. ನಮ್ಮದು ಈಗ ಮೂರು–ನಾಲ್ಕರ ಆಸುಪಾಸಿನಲ್ಲಿದೆ. ಹುರಿಯುವ ಮುಂಚೆ ಇನ್ನೊಂದು ಕೆಲಸ ಮಾಡುತ್ತೇನೆ, ಅದು ನನ್ನಲ್ಲೇ ಇರಲಿ.

ಬೆನಿನ್, ಟೋಗೋ ದೇಶಗಳಲ್ಲಿ ರಕ್ತದಲ್ಲಿ ಈ ವಿಷದ ಗುರುತು ಹೆಚ್ಚಿದ್ದ ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲವೆಂದು 2002ರಲ್ಲೇ ಪ್ರಕಟವಾಗಿದೆ. ನಮ್ಮ ಹಿಟ್ಟಿನಿಂದ ಮಕ್ಕಳು ಉದ್ದವಾದರೆಂದು ನಾನು ಹೇಳುವುದಿಲ್ಲ. ಒಂದೆರಡು ಮನೆಗಳಲ್ಲಿ ಭೇದಿ ನಿಲ್ಲಲೇ ಇಲ್ಲ. ನೋಡಿದರೆ ತೆರೆದಿಟ್ಟ ತೊಟ್ಟಿಯ ನೀರಿನಲ್ಲಿ ಹಿಟ್ಟು ಕಲಸುತ್ತಿದ್ದರು. ಪದೇಪದೇ ಕೊಳಕು ಒಳಸೇರಿ ಕರುಳಿನ ಒಳಪದರ ಸವೆದರೆ ಎಂಥ ಹಿಟ್ಟೂ ಮೈಗೆ ಹತ್ತುವುದಿಲ್ಲ. ಕುದಿಸಿದ ನೀರು ಎಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ, ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚುಹಾಕಿಸಿದೆವು. ಅರ್ಧ ಕೆಜಿಗೆ ಇಪ್ಪತ್ತು ರೂಪಾಯಿ ಏರಿಸಿದ್ದೇವೆ. ಬಿಟ್ಟುಹೋದ ಗಿರಾಕಿಗಳು ಕಡಿಮೆ.