ತೊಟ್ಟಿಯ ತಳದಲ್ಲಿ ಉಳಿದಿದ್ದ ಕೋಬಾಲ್ಟ್

ಅಣು ವಿದ್ಯುತ್ ಸ್ಥಾವರಗಳು ಹೊರಬಿಡುವ ವಿಕಿರಣಶೀಲ ನೀರು ಮತ್ತು ಗಾಳಿಯ ಮೇಲೆ ಸರ್ಕಾರದ ಪರವಾಗಿ ನಿಗಾ ಇಡುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಆರಂಭದಲ್ಲಿ ಮಾಸಿಕ ವರದಿಯ ಕೊನೆಯ ಅಂಕಣವನ್ನು ಪರವಾನಗಿಯ ಮಿತಿಯೊಂದಿಗೆ ಹೋಲಿಸಿ, ಅಂಕಿ ಮಿತಿಯೊಳಗಿದ್ದರೆ ಸಹಿ ಹಾಕುತ್ತಿದ್ದೆ. ಆ ಅಂಕಿ ಹೇಗೆ ಹುಟ್ಟಿತೆಂದು ಕೇಳುವ ಅಭ್ಯಾಸ ನನಗೆ ಬಂದದ್ದು ಒಂದು ಸ್ಥಾವರದ ತೊಟ್ಟಿಯಿಂದ.

ದ್ರವ ತ್ಯಾಜ್ಯವನ್ನು ಸೋಸಿ, ಅಯಾನು ವಿನಿಮಯದಿಂದ (ನೀರಿನಲ್ಲಿ ಕರಗಿದ ವಿಕಿರಣಶೀಲ ಅಂಶಗಳನ್ನು ರಾಳದ ಕಣಗಳಿಗೆ ಹಿಡಿಸುವ ವಿಧಾನ) ಶುದ್ಧೀಕರಿಸಿದ ಮೇಲೆ ಒಂದು ತೊಟ್ಟಿಯಲ್ಲಿ ಹಿಡಿದಿಡುತ್ತಾರೆ. ಪಂಪಿನಿಂದ ಅದನ್ನು ನಿಗದಿತ ಹೊತ್ತು ಕಲಕಿ, ಮಾದರಿ ತೆಗೆದು ಅಳೆದ ಬಳಿಕವೇ ಹೊರಬಿಡಬೇಕು. ಆ ಸ್ಥಾವರದ ವರದಿಯಲ್ಲಿ ವಿಕಿರಣಶೀಲ ಲೋಹವಾದ ಕೋಬಾಲ್ಟ್-60ರ ಪ್ರಮಾಣ ತಿಂಗಳುಗಟ್ಟಲೆ ಕಡಿಮೆಯೇ ಇತ್ತು. ಆದರೆ ತೊಟ್ಟಿಯ ತಳದ ಹತ್ತಿರ ಅಳೆದ ವಿಕಿರಣ ಮಾತ್ರ ಏರುತ್ತಲೇ ಹೋಗುತ್ತಿತ್ತು. ಎರಡೂ ಒಟ್ಟಿಗೆ ನಿಜವಾಗಬೇಕಾದರೆ ಕೋಬಾಲ್ಟ್ ತಳದಲ್ಲಿ ಕುಳಿತಿರಬೇಕು. ಪಂಪಿನ ದಿನಚರಿ ಪುಸ್ತಕವನ್ನು ತರಿಸಿ ನೋಡಿದಾಗ, ಕಲಕಬೇಕಾದ ಅವಧಿಗಿಂತ ಬಹಳ ಮುಂಚೆಯೇ ಪಂಪು ನಿಲ್ಲುತ್ತಿದ್ದುದು ತಿಳಿಯಿತು. ಸಣ್ಣ ಕಣಗಳಿಗೆ ಅಂಟಿಕೊಂಡ ಕೋಬಾಲ್ಟ್ ಕೆಳಗಿಳಿದ ಮೇಲೆ ತೆಗೆದ ಮೇಲ್ಭಾಗದ ನೀರು ಸಹಜವಾಗಿಯೇ ಶುಭ್ರವೆಂದು ತೋರುತ್ತಿತ್ತು. ಪೂರ್ಣ ಅವಧಿ ಕಲಕಿಸಿ, ನಡುನಡುವೆ ಮೂರು ಮಾದರಿಗಳನ್ನು ತೆಗೆಸಿದೆ. ಒಂದಕ್ಕಿಂತ ಒಂದರಲ್ಲಿ ಪ್ರಮಾಣ ಹೆಚ್ಚಿತ್ತು. ಅಂತಿಮ ಅಂಕಿಯೂ ಮಿತಿಯೊಳಗೇ ಇತ್ತೆಂಬುದು ಸಮಾಧಾನದ ಸಂಗತಿ, ಆದರೂ ಹಿಂದಿನ ತಿಂಗಳುಗಳ ಲೆಕ್ಕವನ್ನೆಲ್ಲ ತಿದ್ದಿಸಬೇಕಾಯಿತು. ಆ ವರದಿಗಳ ಮೇಲೆ ನನ್ನ ಸಹಿಯೂ ಇತ್ತು ಎಂಬ ನೋವು ಇಂದಿಗೂ ಇದೆ.

ಅಂದಿನಿಂದ ಮಾದರಿಯನ್ನು ನನ್ನ ಎದುರಿಗೇ ತೆಗೆಸಿ ಎರಡು ಪಾಲು ಮಾಡಿಸುವುದನ್ನು ರೂಢಿಸಿಕೊಂಡೆ: ಒಂದು ಸ್ಥಾವರದ ಪ್ರಯೋಗಾಲಯಕ್ಕೆ, ಇನ್ನೊಂದು ಮೊಹರಾಗಿ ಸ್ವತಂತ್ರ ಪ್ರಯೋಗಾಲಯಕ್ಕೆ. ಬಾಟಲಿಯ ಗೋಡೆಗೆ ಕೋಬಾಲ್ಟ್ ಅಂಟದಂತೆ ನೈಟ್ರಿಕ್ ಆಮ್ಲ ಬೆರೆಸುತ್ತೇವೆ. ಅಯೋಡಿನ್ ಅಳೆಯುವ ಬಾಟಲಿಗೆ ಮಾತ್ರ ಅದನ್ನು ಬೆರೆಸಬಾರದು, ಏಕೆಂದರೆ ಆಮ್ಲದಲ್ಲಿ ಅಯೋಡಿನ್ ಆವಿಯಾಗಿ ಹೋಗಬಹುದು. ವಿಕಿರಣಶೀಲ ಅಯೋಡಿನ್-131ರ ಅರ್ಧಾಯು, ಅಂದರೆ ಅದು ಅರ್ಧಕ್ಕಿಳಿಯುವ ಕಾಲ, ಸುಮಾರು 8 ದಿನಗಳಾದ್ದರಿಂದ, ಚಿಮಣಿಯ ಗಾಳಿಯಿಂದ ಅಯೋಡಿನ್ ಹಿಡಿಯುವ ಇದ್ದಿಲು ಸೋಸುಕವನ್ನು ಒಂದು ವಾರ ತಡವಾಗಿ ಅಳೆದರೆ ಹತ್ತಿರಹತ್ತಿರ ಅರ್ಧ ಕಡಿಮೆಯಾಗಿಯೇ ಕಾಣುತ್ತದೆ. ಹಾಗಾಗಿ ಅಳತೆಯ ದಿನಾಂಕದ ಜೊತೆಗೆ ಮಾದರಿ ಸಂಗ್ರಹಿಸಿದ ದಿನಾಂಕವನ್ನೂ ಕೇಳುತ್ತೇನೆ.

ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂನದು ಬೇರೆಯೇ ಬಗೆ. ಅದು ನೀರಿನ ಅಣುವಿನ ಭಾಗವೇ ಆಗಿಬಿಡುವುದರಿಂದ ಸಾಮಾನ್ಯ ಸೋಸುವಿಕೆಗೆ ಸಿಗುವುದಿಲ್ಲ. ಅದರ ಬೀಟಾ ಕಿರಣ ಎಷ್ಟು ದುರ್ಬಲವೆಂದರೆ ಕೈಯಲ್ಲಿ ಹಿಡಿಯುವ ಗೈಗರ್ ಮಾಪಕಕ್ಕೆ ಗೊತ್ತೇ ಆಗುವುದಿಲ್ಲ. ನೀರನ್ನು ವಿಕಿರಣ ತಾಗಿದಾಗ ಮಿನುಗುವ ದ್ರಾವಣದಲ್ಲಿ ಬೆರೆಸಿ, ಆ ಮಿನುಗುಗಳನ್ನು ಪ್ರಯೋಗಾಲಯದಲ್ಲೇ ಎಣಿಸಬೇಕು. ಏನೂ ಪತ್ತೆಯಾಗದಿದ್ದಾಗ "ಸೊನ್ನೆ" ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ, ಉಪಕರಣದ ಪತ್ತೆಮಿತಿ ಎಷ್ಟಿತ್ತೋ ಅದಕ್ಕಿಂತ ಕಡಿಮೆ ಎಂದು ಬರೆಸುತ್ತೇನೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿ ಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಎಂಬ ಅಂತರರಾಷ್ಟ್ರೀಯ ಮಿತಿಯ ಒಂದು ಪಾಲು ಮಾತ್ರ ಒಂದು ಸ್ಥಾವರಕ್ಕೆ ಸಲ್ಲುತ್ತದೆ. ಆ ಪಾಲಿನ ಲೆಕ್ಕ ಇಂಥ ಸಣ್ಣ ಅಂಕಿಗಳ ಮೇಲೆಯೇ ನಿಂತಿದೆ.

ಪಂಪಿನ ಲೋಪ ತಿಳಿದ ದಿನ, ಆ ತೊಟ್ಟಿಯ ನೀರು ಹೊರಬಿಡುವ ಕವಾಟವನ್ನು ಮುಚ್ಚಿಡುವಂತೆ ಬರೆದುಕೊಡಲು ನನಗೆ ಯಾರ ಅನುಮತಿಯೂ ಬೇಕಾಗಲಿಲ್ಲ. ವಿದ್ಯುತ್ ಉತ್ಪಾದನೆಯನ್ನು ಉತ್ತೇಜಿಸುವ ಇಲಾಖೆಗೆ ನಾನು ಅಧೀನನಾಗಿರಲಿಲ್ಲ. ಜಪಾನಿನಲ್ಲಿ 2011ರ ಫುಕುಶಿಮಾ ಅಪಘಾತದವರೆಗೆ ಸುರಕ್ಷತಾ ಸಂಸ್ಥೆಯು ಅಣುಶಕ್ತಿಯನ್ನು ಉತ್ತೇಜಿಸುತ್ತಿದ್ದ ಸಚಿವಾಲಯದೊಳಗೇ ಇತ್ತು. 2012ರಲ್ಲಿ ಅದನ್ನು ಬೇರ್ಪಡಿಸಿ ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ಕಟ್ಟಿದರು. ಪಂಪಿನ ದಿನಚರಿ ಪುಸ್ತಕವನ್ನು ಹಿಡಿದು ನಿಂತ ಅಧಿಕಾರಿಗೆ ಆ ಬೇರ್ಪಡೆಯ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ. ತಿದ್ದಿದ ಲೆಕ್ಕ ನನ್ನ ಕೈಸೇರುವವರೆಗೆ ಆ ಕವಾಟ ಮುಚ್ಚಿಯೇ ಇತ್ತು.