2ಸಿವಿಯನ್ನು ಇವತ್ತಿಗೂ ರಸ್ತೆಯಲ್ಲಿ ಉಳಿಸಿಕೊಂಡಿದ್ದು ಹೀಗೆ

ಫ್ರಾನ್ಸ್‌ನ ಲಿಯಾನ್ ಹತ್ತಿರದ ಸಣ್ಣ ಊರಲ್ಲಿದ್ದೇನೆ. ನನ್ನ ಹತ್ತಿರ 1986ರ ಸಿಟ್ರೊಯೆನ್ 2ಸಿವಿ ಇದೆ. 602 ಸಿಸಿ, 29 ಹಾರ್ಸ್‌ಪವರ್. ಸಂತೆಗೆ, ಕೆಲಸಕ್ಕೆ ಎಲ್ಲದಕ್ಕೂ ಇದೇ ಕಾರು.

ಎಂಜಿನ್ ಬಗ್ಗೆ ಚಿಂತೆ ಬೇಡ. ಗಾಳಿಯಿಂದಲೇ ತಣ್ಣಗಾಗುತ್ತದೆ, ರೇಡಿಯೇಟರ್ ಇಲ್ಲ. ಫ್ಯಾನ್ ಎಂಜಿನ್ ತಿರುಗಿಸುವ ಮುಖ್ಯ ದಂಡಕ್ಕೇ (ಕ್ರ್ಯಾಂಕ್‌ಶಾಫ್ಟ್) ಕೂತಿರುವುದರಿಂದ ಟ್ರಾಫಿಕ್ಕಲ್ಲಿ ನಿಂತರೂ ತಿರುಗುತ್ತಿರುತ್ತದೆ. ನಾನು ಬದಲಿಸಿದ್ದು ಪೆಟ್ರೋಲ್ ಪೈಪುಗಳನ್ನು ಮಾತ್ರ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಹಳೆ ರಬ್ಬರನ್ನು ತಿಂದುಹಾಕುತ್ತದೆ.

ಈ ಕಾರನ್ನು ಕೊಲ್ಲುವುದು ತುಕ್ಕು. ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿಯ ಚೌಕಟ್ಟು, ತೆಳು ತಗಡಿನ ಪೆಟ್ಟಿಗೆ, ಒಳಗೆ ಸೇರಿದ ನೀರು ಅಲ್ಲೇ ಉಳಿಯುತ್ತದೆ. ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ಟೊಳ್ಳಾಗಿರಬಹುದು. ಕೊಳ್ಳುವ ಮುಂಚೆ ಬಾಗಿಲ ಸಂದು ನೋಡಿ. ಮೇಲೊಂದು ಕೆಳಗೊಂದು ಅಳತೆ ಇದ್ದರೆ ಚಾಸಿ ಬಗ್ಗಿದೆ ಅಂತಲೇ ಅನುಮಾನಪಡಿ. ನಾನು ಬೋಲ್ಟ್ ಬಿಚ್ಚಿ ಬಾಡಿಯನ್ನು ಪೂರ್ತಿ ಎತ್ತಿ, ಸತು ಲೇಪಿಸಿದ ಹೊಸ ಚಾಸಿ ಹಾಕಿಸಿದೆ. ಖರ್ಚು ಜಾಸ್ತಿಯೇ, ಆದರೆ ತೇಪೆ ಹಚ್ಚುತ್ತಾ ಕೂರುವುದಕ್ಕಿಂತ ಇದು ನೂರು ಪಾಲು ಮೇಲು. ಅಷ್ಟಾದರೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕಿದ ದಿನ ಬಸ್ಸಲ್ಲೇ ಹೋಗುತ್ತೇನೆ.

ಬ್ರೇಕಿನದ್ದು ಬೇರೆ ಕಥೆ. 1981ರಿಂದ ಮುಂದೆ ಡಿಸ್ಕ್ ಬ್ರೇಕ್ ಬಂತು. ಅದಕ್ಕೆ ಎಲ್‌ಎಚ್‌ಎಂ ಎಂಬ ಹಸಿರು ಖನಿಜ ತೈಲವೇ ಬೇಕು. ಮಾಮೂಲಿ ಬ್ರೇಕ್ ಆಯಿಲ್ ಸುರಿದರೆ ಸೀಲುಗಳೆಲ್ಲ ಹಾಳು. ಇದು ಹೊಸ ಮೆಕ್ಯಾನಿಕ್‌ಗಳಿಗೆ ಗೊತ್ತಿರಲೇಬೇಕು ಅಂತೇನಿಲ್ಲ ಅಲ್ವಾ? ಅದಕ್ಕೇ ಬ್ರೇಕ್ ತೈಲದ ಡಬ್ಬಿಯ ಮುಚ್ಚಳಕ್ಕೆ ಹಸಿರು ಬಣ್ಣ ಬಳಿದು, ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ ಸಾವಿರ ಕಿಲೋಮೀಟರಿಗೊಮ್ಮೆ ನಾನೇ ಗ್ರೀಸ್ ಹೊಡೆಯುತ್ತೇನೆ.

ಹೆದ್ದಾರಿಗೆ ಮಾತ್ರ ಇಳಿಯುವುದಿಲ್ಲ. ಅಲ್ಲಿ ವೇಗದ ಮಿತಿ ಗಂಟೆಗೆ 130 ಕಿಲೋಮೀಟರ್. ನಮ್ಮದು ಏರು ಬಂದರೆ ಲಾರಿಗಿಂತ ಹಿಂದೆ ಬೀಳುತ್ತದೆ. ಏರ್‌ಬ್ಯಾಗ್ ಇಲ್ಲ, ತೂಕ 600 ಕಿಲೋಗೂ ಕಡಿಮೆ. ದೊಡ್ಡ ಎಂಜಿನ್ ಹಾಕಿಸು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಈ ಕಾರಿಗೆ ಬೇಕಿರುವುದು ವೇಗವಲ್ಲ, ಹಿಂದೆ ಬರುವವರ ಕಣ್ಣಿಗೆ ಬೀಳುವುದು. ಹಿಂಭಾಗದ ಗಾಜಿನ ಮೇಲೆ ಇನ್ನೊಂದು ಬ್ರೇಕ್ ಲೈಟ್ ಕೂರಿಸಿದೆ. ಹಿಂದಿನ ಸೀಟಿಗೆ ಜನ ಕೂತರೆ ಮೂತಿ ಮೇಲೇಳುತ್ತದೆ. ಆಗ ಡ್ಯಾಶ್‌ಬೋರ್ಡ್ ಕೆಳಗಿನ ಗುಬಟು ತಿರುಗಿಸಿ ಹೆಡ್‌ಲೈಟ್ ತಗ್ಗಿಸಬೇಕು.

2018ರಲ್ಲಿ ಇಲ್ಲಿನ ಎರಡು ಪಥದ ರಸ್ತೆಗಳ ಮಿತಿಯನ್ನು 90ರಿಂದ 80ಕ್ಕೆ ಇಳಿಸಿದರು. ಕೆಲವು ಜಿಲ್ಲೆಗಳು ಮತ್ತೆ 90 ಮಾಡಿಕೊಂಡವು. 80ರ ರಸ್ತೆ ಸಿಕ್ಕರೆ ಯಾರಿಗೂ ಅಡ್ಡಿಯಾಗದೆ, ಛಾವಣಿಯ ಬಟ್ಟೆ ಸುತ್ತಿಟ್ಟು, ಎಲ್ಲರ ಜೊತೆಗೇ ಆರಾಮಾಗಿ ಹೋಗುತ್ತೇನೆ.